ಹೇಳಿದ್ದು ಮೂರು ಸಲ, ಕೇಳಿದ್ದು ಯಾರು?

ಇವತ್ತಿನ ಮಾತು ಸ್ಟುಡಿಯೋದಿಂದ ಅಲ್ಲ, ತುಮಕೂರಿನ ಸತ್ಯಮಂಗಲದಿಂದ. ಇಲ್ಲಿನ ಕೈಗಾರಿಕಾ ಪ್ರದೇಶದ ಆಪರೇಟರ್‌ಗಳು, ಸೂಪರ್‌ವೈಸರ್‌ಗಳು ನನ್ನ ಎದುರಿಗೆ ಕೂತಿದ್ದಾರೆ. ಮನೆಯಲ್ಲಿ ಟಿವಿ ಮುಂದೆ ನೀವಿದ್ದೀರಿ. ನನಗೆ ಕೊಟ್ಟಿರೋ ವಿಷಯ: ಮೆದುಳಿನ ವಿಜ್ಞಾನ ತಿಳಿದುಕೊಂಡು ಇನ್ನೊಬ್ಬರ ಜೊತೆ ಸರಿಯಾಗಿ ಮಾತಾಡೋದು ಹೇಗೆ? ಮಕ್ಕಳ ಜೊತೆ ಅಲ್ಲ, ಬೆಳೆದವರ ಜೊತೆ.

ಮಕ್ಕಳ ಜೊತೆ ಹೇಗೆ ಮಾತಾಡಬೇಕು ಅಂತ ಹೇಳಿಕೊಡೋರು ಬೀದಿಗೆ ಹತ್ತು ಜನ ಸಿಗ್ತಾರೆ. ಆದರೆ ಐವತ್ತು ವರ್ಷದ ಮೇಲಧಿಕಾರಿಗೆ, ನಲವತ್ತು ವರ್ಷದ ಭಾವನಿಗೆ, ಎಪ್ಪತ್ತು ದಾಟಿದ ಅಪ್ಪನಿಗೆ "ನೀವು ಮಾಡ್ತಿರೋದು ಸರಿ ಇಲ್ಲ" ಅಂತ ಹೇಳೋದು ಹೇಗೆ? ಇದನ್ನು ಹೇಳಿಕೊಡೋರು ಕಡಿಮೆ. ಹೇಳದೇ ಹೋದರೆ, ಅಥವಾ ಹೇಳಿದ್ದು ತಲುಪದೇ ಹೋದರೆ ಆಗೋ ನಷ್ಟ ಮಾತ್ರ ಸಣ್ಣದಲ್ಲ. ಎಷ್ಟು ದೊಡ್ಡದು ಅಂತ ತಿಳಿಯೋಕೆ ನಮ್ಮ ರಾಜ್ಯದ್ದೇ ಒಂದು ಬೆಳಗು ನೋಡೋಣ.

2010ರ ಮೇ 22, ಶನಿವಾರ. ಬೆಳಗ್ಗೆ ಆರು ಗಂಟೆ ದಾಟಿ ಕೆಲವೇ ನಿಮಿಷ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಇಳಿಯಬೇಕು. ಒಳಗೆ 166 ಜನ. ಅದು ಗುಡ್ಡದ ತಲೆಯ ಮೇಲಿನ ರನ್‌ವೇ, ಉದ್ದ ಸುಮಾರು 8,000 ಅಡಿ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು, ವೇಗವೂ ಹೆಚ್ಚಿತ್ತು. ಪಕ್ಕದಲ್ಲಿ ಕೂತಿದ್ದ ಸಹ ಪೈಲಟ್‌ಗೆ ಅದು ಗೊತ್ತಾಗಿತ್ತು. ಇಳಿಸಬೇಡಿ, ಮತ್ತೆ ಮೇಲಕ್ಕೆ ಹೋಗೋಣ, "ಗೋ ಅರೌಂಡ್" ಅಂತ ಅವರು ಒಂದಲ್ಲ, ಮೂರು ಸಲ ಹೇಳಿದರು. ವಿಮಾನದ ಯಂತ್ರವೂ ಎಚ್ಚರಿಕೆ ಕೊಡ್ತಾ ಇತ್ತು. ಕ್ಯಾಪ್ಟನ್ ಇಳಿಸಿಯೇಬಿಟ್ಟರು. ಚಕ್ರ ನೆಲ ಮುಟ್ಟಿದ್ದು ರನ್‌ವೇಯ ಸುಮಾರು 5,200 ಅಡಿ ಕಳೆದ ಮೇಲೆ. ವಿಮಾನ ಗುಡ್ಡದಿಂದಾಚೆ ಕಣಿವೆಗೆ ಬಿತ್ತು. 158 ಜನ ಸತ್ತರು. ಬದುಕಿದ್ದು ಎಂಟೇ ಜನ.

ಈಗ ನೋಡಿ. ಹೇಳಬೇಕಾದವರು ಹೇಳಲಿಲ್ಲ ಅನ್ನೋ ಹಾಗಿಲ್ಲ. ಮಾತು ಅಸ್ಪಷ್ಟವಾಗಿತ್ತು ಅನ್ನೋ ಹಾಗೂ ಇಲ್ಲ. ಭಾಷೆ ಗೊತ್ತಿತ್ತು, ಕಿವಿ ಸರಿ ಇತ್ತು, ಇಬ್ಬರ ನಡುವೆ ಇದ್ದದ್ದು ಮೂರಡಿ ದೂರ. ಆದರೂ ಹೇಳಿದ ಮಾತು ಕೆಲಸ ಮಾಡಲಿಲ್ಲ. ಯಾಕೆ?

ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ಸಮಿತಿ ಕಾರಣ ಹುಡುಕಿತು. ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಸುಮಾರು ಒಂದು ಗಂಟೆ ನಲವತ್ತು ನಿಮಿಷ ಮಾತುಕತೆಯೇ ಇರಲಿಲ್ಲ. ಗೊರಕೆ, ಭಾರವಾದ ಉಸಿರಿನ ಸದ್ದು ಇತ್ತು. ಕ್ಯಾಪ್ಟನ್ ಅಷ್ಟು ಹೊತ್ತು ನಿದ್ದೆ ಮಾಡಿ ಎದ್ದು, ಇನ್ನೂ ನಿದ್ದೆಯ ಜಡದಲ್ಲೇ ಇದ್ದಿರಬಹುದು ಅಂತ ಸಮಿತಿ ಹೇಳಿತು. ಇನ್ನೊಂದು ವಿಷಯವನ್ನೂ ಎತ್ತಿತು. ಕ್ಯಾಪ್ಟನ್ ಕೇಳದಿದ್ದರೆ ಸಹ ಪೈಲಟ್ ತಾನೇ ವಿಮಾನವನ್ನು ಮೇಲೆತ್ತಬಹುದು ಅನ್ನೋ ಸ್ಪಷ್ಟವಾದ ನಿಯಮ ಇರಲಿಲ್ಲ.

ಈ ಎರಡು ಕಾರಣಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಒಂದು ಮೆದುಳಿನದ್ದು, ಇನ್ನೊಂದು ಮನುಷ್ಯರ ನಡುವಿನ ಏಣಿಯದ್ದು. ಇವತ್ತು ನಾನು ಹೇಳಬೇಕು ಅಂತಿರೋದು ಇಷ್ಟೇ: ಕೇಳಿಸಿಕೊಳ್ಳೋದು ಒಬ್ಬರ ಗುಣ ಅಲ್ಲ, ಅದು ಆ ಹೊತ್ತಿನ ಮೆದುಳಿನ ಸ್ಥಿತಿ. ನಾವು "ಅವನು ಮೊಂಡ, ಯಾರ ಮಾತೂ ಕೇಳಲ್ಲ" ಅಂತ ಒಂದೇ ಮಾತಲ್ಲಿ ತೀರ್ಪು ಕೊಡ್ತೀವಿ. ಅದೇ ಮನುಷ್ಯ ಬೆಳಗ್ಗೆ ಹತ್ತಕ್ಕೆ ಕಾಫಿ ಕುಡಿದು ಕೂತಾಗ ಅದೇ ಮಾತನ್ನು ತಲೆದೂಗಿ ಕೇಳ್ತಾನೆ.

ಮಂಗಳೂರಿನ ಆ ಆರು ಗಂಟೆಯನ್ನು ಸತ್ಯಮಂಗಲಕ್ಕೆ ತನ್ನಿ. ಮೂರು ಪಾಳಿ ನಡೆಯೋ ಯಾವುದೇ ಕಾರ್ಖಾನೆಯಲ್ಲಿ ಬೆಳಗ್ಗೆ ಆರಕ್ಕೆ ಏನಾಗುತ್ತೆ? ರಾತ್ರಿ ಪಾಳಿಯವನು ಮೆಷಿನ್ ಬಿಟ್ಟುಕೊಡ್ತಾನೆ, ಬೆಳಗಿನವನು ಹಿಡಿದುಕೊಳ್ತಾನೆ. "ಮೂರನೇ ಪ್ರೆಸ್‌ನ ಗಾರ್ಡ್ ಸ್ವಲ್ಪ ಲೂಸ್ ಐತೆ ನೋಡ್ಕೊ ಗುರೂ" ಅನ್ನೋ ಮಾತು ದಾಟಬೇಕಾದ್ದು ಇದೇ ಐದು ನಿಮಿಷದಲ್ಲಿ. ಆ ಒಂದು ಮಾತಿನ ಮೇಲೆ ಒಬ್ಬರ ನಾಲ್ಕು ಬೆರಳು ನಿಂತಿರುತ್ತೆ.

ಹೇಳುವವನ ಮೆದುಳು ಹೇಗಿದೆ? 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳ ಅಧ್ಯಯನ ಬಂತು. ಸತತ 17 ಗಂಟೆ ಎಚ್ಚರ ಇದ್ದವರ ಗಮನ ಮತ್ತು ಕೈಯ ಹಿಡಿತ, ರಕ್ತದಲ್ಲಿ ಶೇಕಡಾ 0.05 ಆಲ್ಕೊಹಾಲ್ ಇರುವವರ ಮಟ್ಟಕ್ಕೆ ಇಳಿಯುತ್ತೆ ಅಂತ ಅವರು ತೋರಿಸಿದರು. ನಮ್ಮ ದೇಶದಲ್ಲಿ ಕುಡಿದು ಗಾಡಿ ಓಡಿಸಿದ ಕೇಸ್ ಹಾಕೋಕೆ 0.03 ಸಾಕು! ಇನ್ನು ಕೇಳುವವನ ಮೆದುಳು? ಆತ ಐದಕ್ಕೆ ಎದ್ದು ಓಡಿ ಬಂದಿದ್ದಾನೆ. ನಿದ್ದೆಯಿಂದ ಎದ್ದಾಗ ಮೆದುಳಿನ ಬುಡದ ಭಾಗಗಳು ಬೇಗ ಎಚ್ಚರಾಗುತ್ತವೆ. ಹಣೆಯ ಹಿಂದಿರೋ, ಅಳೆದು ತೂಗಿ ನಿರ್ಧಾರ ಮಾಡೋ ಭಾಗ ತಡವಾಗಿ ಏಳುತ್ತೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಜಡ ಹೋಗುತ್ತೆ, ನಿದ್ದೆ ಬಾಕಿ ಇದ್ದವರಿಗೆ ಇನ್ನೂ ಹೊತ್ತು ಬೇಕು. ಕಾಲು ನಡೀತಾ ಇರುತ್ತೆ, ಬಾಯಿ "ಹ್ಞೂಂ" ಅನ್ನುತ್ತೆ, ಆದರೆ ಒಳಗೆ ಇನ್ನೂ ಬೆಳಕು ಹರಿದಿರಲ್ಲ.

ಹಾಗಾದರೆ ಏನು ಮಾಡಬೇಕು? ಬಾಯಲ್ಲಿ ಹೇಳಿ ಹೋಗಬೇಡಿ. ಮೆಷಿನ್ ಹತ್ತಿರ ಕರೆದುಕೊಂಡು ಹೋಗಿ, ಬೆರಳಿಟ್ಟು ತೋರಿಸಿ, ಬೋರ್ಡ್ ಮೇಲೆ ಬರೆಯಿರಿ. ಆಮೇಲೆ ಒಂದೇ ಪ್ರಶ್ನೆ: "ನಾನ್ ಏನ್ ಹೇಳ್ದೆ, ಒಂದ್ಸಲ ಹೇಳು ನೋಡೋಣ." ಇದು ಅವಮಾನ ಅಲ್ಲ. ವಿಮಾನದವರು ಕಂಟ್ರೋಲ್ ಟವರ್ ಹೇಳಿದ ಪ್ರತಿ ಸೂಚನೆಯನ್ನೂ ಹೀಗೇ ತಿರುಗಿ ಹೇಳ್ತಾರೆ. ದಿನಾ ಹೇಳ್ತಾರೆ, ಮೂವತ್ತು ವರ್ಷ ಅನುಭವ ಇದ್ದವರೂ ಹೇಳ್ತಾರೆ.

ಈಗ ಎರಡನೇ ವಿಷಯ, ಭಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಂದು ಮೆದುಳಿನ ವಸ್ತುಸಂಗ್ರಹಾಲಯ ಇದೆ. ಅಲ್ಲಿ ನಿಜವಾದ ಮನುಷ್ಯನ ಮೆದುಳನ್ನೇ ಕೈಯಲ್ಲಿ ಹಿಡಿದು ನೋಡಬಹುದು. ತೂಕ ಒಂದೂಕಾಲು, ಒಂದೂವರೆ ಕಿಲೋ. ಅದರೊಳಗೆ ಎರಡೂ ಕಡೆ ಬಾದಾಮಿ ಆಕಾರದ ಪುಟ್ಟ ಭಾಗ ಇದೆ, ಹೆಸರು ಅಮಿಗ್ಡಲ. ಅಪಾಯ ಅನ್ನಿಸಿದ್ದನ್ನು ಬೇಗ ಗುರುತಿಸಿ ಮೈಯನ್ನು ಎಚ್ಚರಿಸೋ ಜಾಲದಲ್ಲಿ ಇದರ ಪಾತ್ರ ದೊಡ್ಡದು. ನಮ್ಮ ಅಜ್ಜಂದಿರಿಗೆ ಅಪಾಯ ಅಂದರೆ ಚಿರತೆ. ನಮಗೆ? ಹತ್ತು ಜನರ ಮುಂದೆ ಮರ್ಯಾದೆ ಹೋಗೋದು! 2003ರಲ್ಲಿ ಅಮೆರಿಕದ ಸಂಶೋಧಕರು ಕಂಪ್ಯೂಟರ್‌ನಲ್ಲಿ ಚೆಂಡು ಎಸೆಯುವ ಆಟ ಆಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ಒಬ್ಬರಿಗೆ ಚೆಂಡು ಕೊಡೋದನ್ನೇ ನಿಲ್ಲಿಸಿದರು. ಬರೀ ಆಟ. ಆದರೂ ಹೊರಗಿಟ್ಟವರ ಮೆದುಳಿನಲ್ಲಿ, ಮೈಗೆ ನೋವಾದಾಗ ಚುರುಕಾಗೋ ಭಾಗವೊಂದು ಚುರುಕಾಯಿತು. ಎರಡೂ ನೋವು ಒಂದೇ ಅಂತ ಇದರ ಅರ್ಥ ಅಲ್ಲ. ಆದರೆ ಕಡೆಗಣಿಸಿದ್ದನ್ನು ಮೆದುಳು ಹಗುರಾಗಿ ತಗೊಳ್ಳಲ್ಲ ಅನ್ನೋದಂತೂ ನಿಜ.

ಒತ್ತಡ ಜೋರಾದಾಗ ಹಣೆಯ ಹಿಂದಿನ ಆ ವಿಚಾರ ಮಾಡೋ ಭಾಗದ ಹಿಡಿತ ಸಡಿಲವಾಗುತ್ತೆ. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟೆನ್ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಅಂದರೆ ನೀವು ಒಬ್ಬನನ್ನು ಎಲ್ಲರೆದುರು ಬೈದಾಗ, ನಿಮ್ಮ ಮಾತು ಅರ್ಥ ಮಾಡಿಕೊಳ್ಳಬೇಕಾದ ಭಾಗವನ್ನು ನೀವೇ ಮಂಕು ಮಾಡಿರ್ತೀರಿ. ಸ್ವಿಚ್ ಆಫ್ ಮಾಡಿ ಬಲ್ಬ್ ಯಾಕೆ ಉರೀತಿಲ್ಲ ಅಂತ ಕೇಳಿದ ಹಾಗೆ.

ಒಂದು ಉದಾಹರಣೆ ಕೊಡ್ತೀನಿ, ಯಾವ ಕಂಪನಿಯದ್ದೂ ಅಲ್ಲ, ಎಲ್ಲಿ ಬೇಕಾದರೂ ಆಗಬಹುದಾದ್ದು. ಹುಡುಗ ಬಂದು "ಅಣ್ಣಾ, ಮೆಷಿನ್ ಯಾಕೋ ಬೇರೆ ಥರ ಸದ್ದು ಮಾಡ್ತೈತೆ" ಅಂತಾನೆ. ಸೂಪರ್‌ವೈಸರ್ "ನಿಂದು ದಿನಾ ಒಂದು ಸಬೂಬು ಇದ್ದಿದ್ದೇ, ಹೋಗ್ ಕೆಲ್ಸ ನೋಡು" ಅಂತಾರೆ. ಸುತ್ತ ಇದ್ದವರು ನಗ್ತಾರೆ. ಆ ಹುಡುಗ ಅವತ್ತು ಕಲಿತದ್ದೇನು? ಸದ್ದು ಬಂದರೆ ಸುಮ್ಮನಿರಬೇಕು. ನಕ್ಕವರು ಕಲಿತದ್ದೂ ಅದೇ. ಆಮೇಲೆ ಆರು ತಿಂಗಳು ಯಾರೂ ದೂರು ತರಲ್ಲ. ಮೇಲಿನವರು ಎಲ್ಲಾ ಚೆನ್ನಾಗಿ ನಡೀತಿದೆ ಅಂದುಕೊಳ್ತಾರೆ. ಅದೇ ಜಾಗದಲ್ಲಿ "ಯಾವಾಗಿಂದ? ಬಾ, ತೋರ್ಸು" ಅಂದರೆ ಖರ್ಚಾಗೋದು ಮೂರು ಪದ, ಎರಡು ನಿಮಿಷ.

ಇಲ್ಲಿ ಒಬ್ಬರು ಆಗಲೇ ಕೇಳಿದರು: "ಸಾರ್, ಹಿಂಗೆಲ್ಲ ನಯವಾಗಿ ಮಾತಾಡ್ತಾ ಕೂತ್ರೆ ಟಾರ್ಗೆಟ್ ಮುಟ್ಟಿಸೋದು ಯಾರು?" ಒಳ್ಳೇ ಪ್ರಶ್ನೆ. ನಾನು ಬರೀ ನಯದ ಮಾತು ಹೇಳ್ತಿಲ್ಲ. ಕೈ ಪ್ರೆಸ್ ಒಳಗೆ ಹೋಗ್ತಾ ಇದ್ದರೆ "ಕೈ ತೆಗಿ!" ಅಂತ ಕಿರುಚಲೇಬೇಕು. ಆ ಎಚ್ಚರಿಕೆಯ ಜಾಲ ಇರೋದೇ ಅದಕ್ಕೆ. ಆದರೆ ಕಿರುಚಾಟದಿಂದ ಕೈ ಹಿಂದಕ್ಕೆ ಬರುತ್ತೆ, ಹೊಸ ಕೆಲಸ ಕಲಿಯೋಕೆ ಆಗಲ್ಲ. ತಪ್ಪು ಯಾಕಾಯ್ತು ಅಂತ ತಿಳೀಬೇಕಾದರೆ ಪಕ್ಕಕ್ಕೆ ಕರೆದು ಕೇಳಬೇಕು.

ಮನೆಗೂ ಇದು ಸಲ್ಲುತ್ತೆ. "ಅಪ್ಪಾಜಿ, ಬಿಪಿ ಮಾತ್ರೆ ತಗೊಳ್ಳಿ ಅಂತ ಎಷ್ಟ್ ಸಲ ಹೇಳೋದು ನಿಮಗೆ?" ಅಂದಾಗ ಎಪ್ಪತ್ತು ವರ್ಷದ ಮನುಷ್ಯನಿಗೆ ಕೇಳಿಸೋದು ಮಾತ್ರೆಯ ವಿಷಯ ಅಲ್ಲ, ಮನೆಯಲ್ಲಿ ತನ್ನ ಯಜಮಾನಿಕೆ ಹೋಯಿತು ಅನ್ನೋದು. ಬದಲಿಗೆ "ಮಾತ್ರೆ ತಗೊಂಡ್ರೆ ಸುಸ್ತಾಗುತ್ತೆ ಅಂತ ಬೇಜಾರಾ ಅಪ್ಪಾಜಿ?" ಅಂತ ಕೇಳಿ ನೋಡಿ. ಒಳಗಿರೋ ಭಾವನೆಗೆ ಹೆಸರಿಟ್ಟರೆ ಆ ಬಾದಾಮಿಯ ಅಬ್ಬರ ಇಳಿಯುತ್ತೆ ಅಂತ 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು ಮೆದುಳಿನ ಸ್ಕ್ಯಾನ್‌ನಲ್ಲಿ ತೋರಿಸಿದ್ದಾರೆ. ನಮ್ಮ ಅಜ್ಜಿಯರು ಸಾವಿನ ಮನೆಗೆ ಹೋದಾಗ ಬುದ್ಧಿ ಹೇಳ್ತಿರಲಿಲ್ಲ. "ಎಂಥಾ ಸಂಕಟ ಬಂತಲ್ಲವ್ವಾ" ಅಂತಿದ್ದರು. ಅವರಿಗೆ ಸ್ಕ್ಯಾನ್ ಬೇಕಿರಲಿಲ್ಲ.

ಮೂರನೇದು, ಜಾಗ. ಮೆದುಳು ಆ ಕ್ಷಣಕ್ಕೆ ಹಿಡಿದಿಟ್ಟುಕೊಳ್ಳೋ ವಿಷಯಗಳು ಬಹಳ ಕಡಿಮೆ. 1956ರಲ್ಲಿ ಜಾರ್ಜ್ ಮಿಲ್ಲರ್ ಏಳು, ಎರಡು ಹೆಚ್ಚು ಅಥವಾ ಎರಡು ಕಡಿಮೆ ಅಂದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಎಲ್ಲಾ ಪರಿಶೀಲಿಸಿ, ಸುಮಾರು ನಾಲ್ಕು ಅಂದರು. ನಾವು ಮೀಟಿಂಗ್‌ನಲ್ಲಿ ನಿಂತುಕೊಂಡೇ ಹನ್ನೊಂದು ಸೂಚನೆ ಕೊಡ್ತೀವಿ, "ಅರ್ಥ ಆಯ್ತಾ?" ಅಂತೀವಿ, ಎಲ್ಲರೂ "ಆಯ್ತು ಸಾರ್" ಅಂತಾರೆ. ಮುಗೀತು. ಎದುರಿನವರು ದಡ್ಡರಲ್ಲ, ಪಾತ್ರೆ ಅಷ್ಟೇ ಇರೋದು.

ನಾನು ಎಂಜಿನಿಯರಿಂಗ್ ಓದಿದವನು. ಅಲ್ಲಿ ಕಲಿತ ಮೊದಲ ಪಾಠ, ಟ್ರಾನ್ಸ್‌ಮಿಟರ್ ಎಷ್ಟು ಜೋರಾಗಿದ್ದರೂ ರಿಸೀವರ್ ಹಿಡಿದುಕೊಂಡಷ್ಟೇ ಸಿಗ್ನಲ್. ಉಳಿದದ್ದು ಗದ್ದಲ. ಆದರೆ ಮನುಷ್ಯರ ವಿಷಯಕ್ಕೆ ಬಂದರೆ ನಾವೆಲ್ಲ ಟ್ರಾನ್ಸ್‌ಮಿಟರನ್ನೇ ರಿಪೇರಿ ಮಾಡ್ತಾ ಕೂರ್ತೀವಿ. 1990ರಲ್ಲಿ ಸ್ಟಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಅನ್ನೋ ವಿದ್ಯಾರ್ಥಿನಿ ಒಂದು ಪ್ರಯೋಗ ಮಾಡಿದರು. ಒಬ್ಬರು ಗೊತ್ತಿರೋ ಹಾಡಿನ ತಾಳವನ್ನು ಮೇಜಿನ ಮೇಲೆ ಕುಟ್ಟಬೇಕು, ಇನ್ನೊಬ್ಬರು ಹಾಡು ಯಾವುದು ಅಂತ ಹೇಳಬೇಕು. ಕುಟ್ಟುವವರು ಅರ್ಧಕ್ಕರ್ಧ ಜನ ಕಂಡುಹಿಡೀತಾರೆ ಅಂದುಕೊಂಡಿದ್ದರು. ಕುಟ್ಟಿದ 120 ಹಾಡಿನಲ್ಲಿ ಗೊತ್ತಾಗಿದ್ದು ಮೂರು! ಯಾಕೆ? ಕುಟ್ಟುವವರ ತಲೆಯಲ್ಲಿ ಪೂರ್ತಿ ಹಾಡು ನಡೀತಾ ಇರುತ್ತೆ, ಕೇಳುವವರಿಗೆ ಸಿಗೋದು ಬರೀ ಟಕ್ ಟಕ್. ಹತ್ತು ವರ್ಷ ಅನುಭವ ಇರೋ ಸೂಪರ್‌ವೈಸರ್ "ಅದನ್ನ ಸ್ವಲ್ಪ ಅಡ್ಜಸ್ಟ್ ಮಾಡು" ಅಂದಾಗ ಹೊಸ ಹುಡುಗನಿಗೆ ಕೇಳಿಸೋದೂ ಟಕ್ ಟಕ್ಕೇ. ಮನೆಯಲ್ಲಿ ರಾತ್ರಿ ಪರೀಕ್ಷಿಸಿ ನೋಡಿ. ನಾಡಗೀತೆಯನ್ನೇ ಕುಟ್ಟಿ, ಮನೆಯವರು ಏನು ಹೇಳ್ತಾರೆ ಕೇಳಿ.

ನಾಲ್ಕನೇದು, ತಾಳ್ಮೆ. ಮಾತುಕತೆಯಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರು ಶುರು ಮಾಡೋಕೆ ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟೇ ಬಿಡುವು. 2009ರಲ್ಲಿ ಹತ್ತು ಭಾಷೆಗಳನ್ನು ಅಳೆದು ನೋಡಿದಾಗ ಸಿಕ್ಕಿದ್ದು ಇದು. ಆದರೆ ಒಂದು ಉತ್ತರ ತಯಾರಿಸೋಕೆ ಮೆದುಳಿಗೆ ಅದಕ್ಕಿಂತ ಮೂರು ಪಟ್ಟಾದರೂ ಹೊತ್ತು ಬೇಕು. ಅಂದರೆ ಎದುರಿನವರು ಇನ್ನೂ ಮಾತಾಡ್ತಿರುವಾಗಲೇ ನಾವು ಉತ್ತರ ಹೊಲಿಯೋಕೆ ಶುರು ಮಾಡಿರ್ತೀವಿ. ಆಂಕರ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಕಿವಿಯೊಳಗೆ ಟಾಕ್‌ಬ್ಯಾಕ್‌ನಲ್ಲಿ ಪ್ರೊಡ್ಯೂಸರ್, ಎದುರಿಗೆ ಅತಿಥಿ. ಎರಡನ್ನೂ ಪೂರ್ತಿ ಕೇಳಿಸಿಕೊಳ್ಳೋಕೆ ಯಾವ ಮೆದುಳಿಗೂ ಆಗಲ್ಲ. ನಿಮ್ಮ ಕಿವಿಯಲ್ಲಿ ಟಾಕ್‌ಬ್ಯಾಕ್ ಇಲ್ಲ. ಮಾತು ಮುಗಿದ ಮೇಲೆ ಒಂದು ಉಸಿರು ತಗೊಂಡು ಉತ್ತರ ಕೊಡಿ, ಸಾಕು.

ಇಲ್ಲಿ ಒಂದು ಎಚ್ಚರಿಕೆ. ಮೆದುಳಿನ ಹೆಸರು ಹೇಳಿ ಮಾರೋ ಸರಕು ಈಗ ಬಹಳ. ಮೆದುಳಿನ ಹತ್ತು ಪರ್ಸೆಂಟ್ ಮಾತ್ರ ಬಳಸ್ತೀವಿ ಅನ್ನೋದು ಸುಳ್ಳು. ನೀವು ಎಡ ಮೆದುಳಿನವರು, ಅವರು ಬಲ ಮೆದುಳಿನವರು ಅನ್ನೋ ವಿಂಗಡಣೆಗೂ ಆಧಾರ ಇಲ್ಲ. ಸಂವಹನದಲ್ಲಿ ಪದಗಳ ಪಾಲು ಏಳೇ ಪರ್ಸೆಂಟ್, ಉಳಿದ 93 ಧ್ವನಿ ಮತ್ತು ಮುಖ ಅಂತ ಟ್ರೈನಿಂಗ್‌ನಲ್ಲಿ ಕೇಳಿರ್ತೀರಿ. ಅದು 1967ರ ಆಲ್ಬರ್ಟ್ ಮೆಹ್ರಾಬಿಯನ್ ಅವರ ಪ್ರಯೋಗವನ್ನು ತಿರುಚಿದ್ದು. ಅವರು ನೋಡಿದ್ದು ಇಷ್ಟ, ಅನಿಷ್ಟದಂಥ ಭಾವನೆ ಹೇಳೋ ಸಂದರ್ಭ ಮಾತ್ರ. "ಗಾರ್ಡ್ ಲೂಸ್ ಐತೆ" ಅನ್ನೋದನ್ನು ಮುಖಭಾವದಲ್ಲಿ ಹೇಳಿ ನೋಡೋಣ! 2008ರ ಇನ್ನೊಂದು ಅಧ್ಯಯನ ತಮಾಷೆಯಾಗಿದೆ. ಕೆಟ್ಟ ವಿವರಣೆಗೆ ಸಂಬಂಧವೇ ಇಲ್ಲದ ಮೆದುಳಿನ ಮಾತು ನಾಲ್ಕು ಸೇರಿಸಿದರೆ, ಸಾಮಾನ್ಯ ಜನಕ್ಕೆ ಅದು ಒಳ್ಳೇ ವಿವರಣೆಯಂತೆ ಕಾಣಿಸಿತು. ಹಾಗಾಗಿ ನನ್ನ ಮಾತನ್ನೂ ತೂಗಿಯೇ ತಗೊಳ್ಳಿ.

ಇದೇ ವಿದ್ಯೆಯನ್ನು ನಿಮ್ಮ ವಿರುದ್ಧವೂ ಬಳಸ್ತಾರೆ. ಡಿಜಿಟಲ್ ಅರೆಸ್ಟ್ ಅಂತ ಫೋನ್ ಬರುತ್ತಲ್ಲ, ಅವರ ಬಂಡವಾಳವೇ ಆ ಬಾದಾಮಿ. ಹೆದರಿಸಿ, ಫೋನ್ ಇಡೋಕೆ ಬಿಡದೆ, ಯಾರಿಗೂ ಹೇಳಬೇಡಿ ಅಂತ ಗಂಟೆಗಟ್ಟಲೆ ಕೂರಿಸ್ತಾರೆ, ಯೋಚನೆ ಮಾಡೋ ಭಾಗ ತಲೆ ಎತ್ತಬಾರದು ಅಂತ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ. ಫೋನ್ ಕಟ್ ಮಾಡಿ, 1930ಕ್ಕೆ ಕರೆ ಮಾಡಿ. ಇನ್ನು ಆರು ಕಿಟಕಿಯಲ್ಲಿ ಆರು ಜನ ಒಟ್ಟಿಗೆ ಕೂಗೋ ಟಿವಿ ಚರ್ಚೆ? ಅದರಿಂದ ಅಭಿಪ್ರಾಯ ಬದಲಾಯಿಸಿಕೊಂಡ ಒಬ್ಬ ವೀಕ್ಷಕರನ್ನು ನಾನಿನ್ನೂ ಭೇಟಿಯಾಗಿಲ್ಲ.

ಕೊನೆಯದಾಗಿ, ಏಣಿಯ ಕೆಳಗಿರೋರಿಗೆ. ಮೇಲಿನವರು ಕೇಳದಿದ್ದರೆ ನೀವೇನು ಮಾಡಬೇಕು? ಧೈರ್ಯ ಮಾಡಿ ಅಂತ ಹೇಳೋದು ಸುಲಭ. ಆದರೆ ಆ ಹೊತ್ತಲ್ಲಿ ನಿಮ್ಮ ಮೆದುಳೂ ಹೆದರಿರುತ್ತೆ, ಪದ ಸಿಗಲ್ಲ. ಅದಕ್ಕೇ ಪದಗಳನ್ನು ಮೊದಲೇ ಕಟ್ಟಿಟ್ಟುಕೊಳ್ಳಬೇಕು. 1977ರಲ್ಲಿ ಟೆನರಿಫ್ ದ್ವೀಪದಲ್ಲಿ ಎರಡು ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಅಲ್ಲೂ ಫ್ಲೈಟ್ ಎಂಜಿನಿಯರ್ ರನ್‌ವೇ ಖಾಲಿ ಇದೆಯಾ ಅಂತ ಸಂಶಯ ಎತ್ತಿದ್ದರು. ಹಿರಿಯ ಕ್ಯಾಪ್ಟನ್ ಅದನ್ನು ತಳ್ಳಿಹಾಕಿದರು. ಇಂಥ ಅಪಘಾತಗಳ ನಂತರ, 1979ರಿಂದ ವಿಮಾನದವರು ಕಾಕ್‌ಪಿಟ್‌ನಲ್ಲಿ ಮಾತಾಡೋದನ್ನೇ ಒಂದು ತರಬೇತಿ ಮಾಡಿಕೊಂಡರು. ಅದರಲ್ಲಿ ಒಂದು ನಿಯಮ: ಎರಡು ಸಲ ಸ್ಪಷ್ಟವಾಗಿ ಹೇಳಿದರೂ ಸರಿಯಾದ ಉತ್ತರ ಬರದಿದ್ದರೆ, ಎದುರಿನವರು ಆ ಹೊತ್ತಿಗೆ ಕೆಲಸ ಮಾಡೋ ಸ್ಥಿತಿಯಲ್ಲಿಲ್ಲ ಅಂದುಕೊಂಡು ನಿಯಂತ್ರಣ ಕೈಗೆ ತಗೋಬೇಕು. ಅದು ಉದ್ಧಟತನ ಅಲ್ಲ, ಡ್ಯೂಟಿ.

ಕಾರ್ಖಾನೆಯ ಭಾಷೆಯಲ್ಲಿ ಹೇಳೋದಾದರೆ ಹೀಗೆ: "ಸಾರ್, ಒಂದ್ನಿಮಿಷ. ಮೂರನೇ ಪ್ರೆಸ್ ಗಾರ್ಡ್ ಬಿಚ್ಚೋಗಿದೆ. ಹಿಂಗೇ ಓಡ್ಸಿದ್ರೆ ಕೈ ಹೋಗುತ್ತೆ. ನಿಲ್ಲಿಸಿ ಮೆಂಟೆನೆನ್ಸ್‌ನೋರ್ನ ಕರೀಲಾ?" ಮೊದಲು ಕರೆಯೋದು, ಆಮೇಲೆ ಕಂಡದ್ದು, ಆಮೇಲೆ ಅಪಾಯ, ಕೊನೆಗೆ ಏನು ಮಾಡೋಣ ಅನ್ನೋದು. ನಾಲ್ಕೇ ತುಂಡು, ಮೆದುಳಿಗೆ ಹಿಡಿಯೋಷ್ಟು. ಎರಡು ಸಲ ಹೇಳಿದರೂ ಕೇಳದಿದ್ದರೆ ಮೆಷಿನ್ ನಿಲ್ಲಿಸೋ ಹಕ್ಕು ಆಪರೇಟರ್‌ಗೆ ಇದೆ ಅಂತ ಮ್ಯಾನೇಜ್‌ಮೆಂಟ್ ಬರೆದು ಗೋಡೆಗೆ ಹಾಕಬೇಕು. ಈ ಮಾತನ್ನು ಎಲ್ಲರೂ ಸಮಾಧಾನವಾಗಿರೋ ಹೊತ್ತಲ್ಲಿ ಒಪ್ಪಿಕೊಂಡಿರಬೇಕು. ಬೆಳಗ್ಗೆ ಆರರ ಮೆದುಳಿಗೆ ಬೆಳಗ್ಗೆ ಹತ್ತರ ಮೆದುಳು ಬರೆದುಕೊಟ್ಟ ಚೀಟಿ ಅದು.

ಮನೆಯಲ್ಲೂ ಅಂಥದ್ದೊಂದು ಚೀಟಿ ಬರೆದುಕೊಳ್ಳಿ. ಗಂಡ ಹೆಂಡತಿ, ಅಣ್ಣ ತಮ್ಮ, ಅತ್ತೆ ಸೊಸೆ ಯಾರೇ ಇರಲಿ, ಇಬ್ಬರೂ ನಗುತ್ತಾ ಇರೋ ಒಂದು ಭಾನುವಾರ ಕೂತು "ಜೋರಾಗಿ ಜಗಳ ಬಂದಾಗ ಇಪ್ಪತ್ತು ನಿಮಿಷ ಬಿಟ್ಟು ಮಾತಾಡೋಣ" ಅಂತ ಒಪ್ಪಂದ ಮಾಡಿಕೊಳ್ಳಿ. ಇವತ್ತು ನಿಮ್ಮ ಹತ್ತಿರ ಯಾರಾದರೂ ಅಳುಕುತ್ತಾ ಬಂದು ಏನೋ ಹೇಳೋಕೆ ಶುರು ಮಾಡಿದರೆ, ಅವರು ಅದನ್ನು ಎಷ್ಟು ದಿನದಿಂದ ನುಂಗಿಕೊಂಡಿದ್ದರೋ ಗೊತ್ತಿಲ್ಲ. ಕೈಯಲ್ಲಿರೋ ಫೋನ್ ಕೆಳಗಿಡಿ. "ಹೇಳಪ್ಪಾ" ಅನ್ನಿ. ಪೂರ್ತಿ ಕೇಳಿ.